ನಡೆದು ಕೂಡಿಸಿದ ನಿಧಿ

ಪ್ರತಿ ವರ್ಷ ಜನವರಿ ತಿಂಗಳ ಒಂದು ಭಾನುವಾರ, ಮುಂಬಯಿಯ ಬೋರಿಬಂದರದ ಸುತ್ತಮುತ್ತ ಸೂರ್ಯೋದಯಕ್ಕೆ ಮುಂಚೆಯೇ ಜನ ನೆರೆಯುತ್ತಾರೆ. ಬ್ಯಾಂಕಿನವರು, ವಿಮಾ ಕಂಪನಿಯವರು, ಕಾರಖಾನೆಯವರು ತಮ್ಮ ತಮ್ಮ ಸಂಸ್ಥೆಯ ಹೆಸರು ಅಚ್ಚಾದ ಅಂಗಿ ತೊಟ್ಟು ಗುಂಪು ಗುಂಪಾಗಿ ನಿಂತಿರುತ್ತಾರೆ. ಓಡಬಲ್ಲವರು ಓಡುತ್ತಾರೆ, ಓಡಲಾರದವರು ನಡೆಯುತ್ತಾರೆ. ಅವರಲ್ಲಿ ಅನೇಕರು ಒಂದು ಶಾಲೆಗೋ, ಒಂದು ಆಸ್ಪತ್ರೆಗೋ, ಅನಾಥಾಲಯಕ್ಕೋ ಹಣ ಕೂಡಿಸಲು ಹೊರಟವರು. ರಸ್ತೆಯ ಬದಿಯಲ್ಲಿ ನಿಂತು ನೋಡುವ ಹಿರಿಯರು ಕೇಳುವ ಪ್ರಶ್ನೆಯೊಂದಿದೆ: “ದಾನ ಮಾಡುವುದಿದ್ದರೆ ಚೆಕ್ಕು ಬರೆದರಾಯಿತಲ್ಲ, ಓಡುವುದೇತಕ್ಕೆ?”

ಈ ಪ್ರಶ್ನೆ ಹಗುರವಾದುದಲ್ಲ. ಕೊಡುವವನ ಕೈ, ಪಡೆಯುವವನ ಕೈ, ಇವೆರಡರ ನಡುವೆ ಮೂರನೆಯವನ ಕಾಲುಗಳಿಗೆ ಏನು ಕೆಲಸ ಎಂಬುದೇ ಅದರ ತಿರುಳು. ಇದಕ್ಕೆ ಉತ್ತರವನ್ನು ತರ್ಕದಲ್ಲಿ ಹುಡುಕುವುದಕ್ಕಿಂತ ಚರಿತ್ರೆಯಲ್ಲಿ ಹುಡುಕುವುದು ಲೇಸು. ಕಚೇರಿಯ ನೌಕರರು ತಂಡ ಕಟ್ಟಿಕೊಂಡು, ಮೈ ದಂಡಿಸಿ, ಪರರಿಗಾಗಿ ನಿಧಿ ಕೂಡಿಸುವ ಈ ಪದ್ಧತಿ ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ನಮ್ಮ ನಾಡಿಗೆ ಯಾವಾಗ ಬಂದಿತು ಎಂಬುದನ್ನು ಈ ಲೇಖನದಲ್ಲಿ ಸಂಗ್ರಹವಾಗಿ ನಿರೂಪಿಸಲು ಬಯಸುತ್ತೇವೆ.

ಕಾಲ್ನಡಿಗೆಗೂ ಯಾಚನೆಗೂ ಇರುವ ನಂಟು ನಮಗೆ ಹೊಸದಲ್ಲ. ಜೋಳಿಗೆ ಹಿಡಿದ ಜಂಗಮರನ್ನೂ, ಗೋಪಾಳ ಬುಟ್ಟಿ ಹಿಡಿದ ಹರಿದಾಸರನ್ನೂ ಬಲ್ಲ ನಾಡು ನಮ್ಮದು. ಸ್ವಾತಂತ್ರ್ಯಾನಂತರದ ಅತ್ಯಂತ ದೊಡ್ಡ ನಡಿಗೆಯೆಂದರೆ ಆಚಾರ್ಯ ವಿನೋಬಾ ಭಾವೆಯವರದು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ, ನೆಲವಿಲ್ಲದ ಹರಿಜನ ಕುಟುಂಬಗಳಿಗಾಗಿ ರಾಮಚಂದ್ರ ರೆಡ್ಡಿಯವರು 100 ಎಕರೆ ಭೂಮಿಯನ್ನು ಕೊಡಮಾಡಿದರು. ಅಂದು ಹುಟ್ಟಿದ್ದು ಭೂದಾನ ಚಳವಳಿ. ವಿನೋಬಾ ಹದಿಮೂರು ವರ್ಷಗಳಿಗೂ ಮಿಕ್ಕಿ ಊರಿಂದೂರಿಗೆ ನಡೆದರು. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ನಡೆದ ಗ್ರಾಮದಾನ ಸಮ್ಮೇಳನಕ್ಕೆ ರಾಷ್ಟ್ರದ ಮುಖಂಡರೆಲ್ಲ ಬಂದರು. ಮೋಟಾರಿನಲ್ಲಿ ಬಂದು ಕೇಳಿದ್ದರೆ ಕೊಡುತ್ತಿದ್ದರೋ ಇಲ್ಲವೋ, ಬಿಸಿಲಲ್ಲಿ ನಡೆದು ಬಂದ ಮುದುಕನಿಗೆ ಜನ ನೆಲವನ್ನೇ ಕೊಟ್ಟರು. ಆದರೆ ಆ ಕಥೆಗೆ ಇನ್ನೊಂದು ಮಗ್ಗುಲೂ ಉಂಟು. ದಾನವಾಗಿ ಬಂದ ಲಕ್ಷಾಂತರ ಎಕರೆಗಳಲ್ಲಿ ದೊಡ್ಡ ಪಾಲು ನೆಲವಿಲ್ಲದವರ ಕೈಗೆ ಕೊನೆಗೂ ತಲುಪಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಮರಳುತ್ತೇವೆ.

ವಿನೋಬಾ ಅವರದು ಸಂತನ ನಡಿಗೆ. ಸಂಬಳದಾರನ ನಡಿಗೆ ಬೇರೊಂದು ದಾರಿಯಿಂದ ಬಂದಿತು. 1967 ಕೆನಡಾ ದೇಶಕ್ಕೆ ನೂರು ವರ್ಷ ತುಂಬಿದ ವರ್ಷ. ಆ ವರ್ಷ ಅಲ್ಲಿ ‘ಮೈಲ್ಸ್ ಫಾರ್ ಮಿಲಿಯನ್ಸ್’ ಎಂಬ ಹೆಸರಿನ ನಡಿಗೆಗಳು ಆರಂಭವಾದವು. ಬಡ ದೇಶಗಳ ಹಸಿದವರಿಗಾಗಿ ನಗರ ನಗರಗಳಲ್ಲಿ ಜನ ದಿನವಿಡೀ ನಡೆದರು. 1969ರ ಅಕ್ಟೋಬರಿನಲ್ಲಿ ಅಮೆರಿಕದ ನಾರ್ತ್ ಡಕೋಟ ಪ್ರಾಂತದ ಬಿಸ್ಮಾರ್ಕ್ ಪಟ್ಟಣದಲ್ಲಿ ಸುಮಾರು ಸಾವಿರ ಜನ ಇದೇ ರೀತಿ ನಡೆದು 25,000 ಡಾಲರುಗಳಷ್ಟು ಕೂಡಿಸಿದರು. ಈ ನಡಿಗೆಗಳ ಕ್ರಮ ಸರಳವಾದುದು. ನಡೆಯುವವನು ಮೊದಲು ಒಂದು ಹಾಳೆ ಹಿಡಿದು ನೆರೆಹೊರೆಯವರ, ಬಂಧುಗಳ, ಜೊತೆಗೆಲಸದವರ ಬಳಿ ಹೋಗುತ್ತಾನೆ. “ನಾನು ಇಪ್ಪತ್ತು ಮೈಲಿ ನಡೆಯುತ್ತೇನೆ. ಮೈಲಿಗೆ ಎಷ್ಟು ಕೊಡುತ್ತೀರಿ?” ಎಂದು ಕೇಳುತ್ತಾನೆ. ಅವರು ತಮ್ಮ ಹೆಸರಿನ ಮುಂದೆ ಒಂದು ಮೊತ್ತ ಬರೆದು ಸಹಿ ಹಾಕುತ್ತಾರೆ. ನಡೆದಾದ ಮೇಲೆ, ನಡೆದಷ್ಟಕ್ಕೆ ಲೆಕ್ಕ ಕಟ್ಟಿ, ಆ ಹಣವನ್ನು ವಸೂಲು ಮಾಡಿ ಧರ್ಮಸಂಸ್ಥೆಗೆ ಕಟ್ಟಬೇಕು.

ಇಲ್ಲಿರುವ ಸೂಕ್ಷ್ಮವನ್ನು ಬ್ಯಾಂಕಿನ ಭಾಷೆಯಲ್ಲಿ ಹೇಳುವುದು ನಮಗೆ ಸುಲಭ. ಆ ಹಾಳೆ ಒಂದು ಕರಾರುಪತ್ರ. ನಡೆಯುವವನ ಬೆವರೇ ಅದಕ್ಕೆ ಜಾಮೀನು. ಜಾಮೀನಿನಿಂದ ಯಾರಿಗೂ ಹೊಟ್ಟೆ ತುಂಬುವುದಿಲ್ಲ, ನಿಜ. ಆದರೆ ಜಾಮೀನಿಲ್ಲದೆ ಸಾಲ ಹುಟ್ಟುವುದೂ ಇಲ್ಲ. ಬರಿಗೈಯಲ್ಲಿ ಬಂದು “ಯಾರಿಗೋ ಕೊಡಿ” ಎಂದು ಕೇಳುವವನ ಮಾತನ್ನು ನಂಬುವುದು ಕಷ್ಟ. ಕೇಳುವವನಿಗೂ ಸಂಕೋಚ, ಕೊಡುವವನಿಗೂ ಸಂಶಯ. ಅದೇ ಮನುಷ್ಯ “ನನ್ನ ಪಾಲಿನದನ್ನು ನಾನು ಮೈಯಿಂದ ಸಲ್ಲಿಸುತ್ತೇನೆ, ನಿಮ್ಮ ಪಾಲಿನದನ್ನು ನೀವು ಹಣದಿಂದ ಸಲ್ಲಿಸಿ” ಎಂದಾಗ ಇಬ್ಬರೂ ಸಮಾನರಾಗುತ್ತಾರೆ. ಹತ್ತು ಸಾವಿರದ ಚೆಕ್ಕು ಬರೆಯಲಾರದ ಗುಮಾಸ್ತೆಯೂ ನೂರು ಜನರಿಂದ ನೂರು ನೂರು ರೂಪಾಯಿ ಕೇಳಬಲ್ಲನು. ಹನಿಗೂಡಿದರೆ ಹಳ್ಳ ಎಂಬ ಮಾತು ನಮ್ಮ ಹಿರಿಯರದೇ.

ಇನ್ನು ತಂಡದ ವಿಷಯಕ್ಕೆ ಬರೋಣ. ಒಬ್ಬೊಬ್ಬರೇ ನಡೆಯುವುದು ಬೇರೆ, ಕೂಡಿ ನಡೆಯುವುದು ಬೇರೆ. ಕೂಡಿ ನಡೆಯುವ ಪದ್ಧತಿಗೆ ಒಂದು ಶಿಸ್ತನ್ನು ಕೊಟ್ಟವರು ಗೂರ್ಖಾ ಸೈನಿಕರು. 1947ರಲ್ಲಿ ಭಾರತ, ನೇಪಾಳ, ಬ್ರಿಟನ್ನುಗಳ ನಡುವೆ ಆದ ಒಪ್ಪಂದದಂತೆ ಹತ್ತು ಗೂರ್ಖಾ ರೆಜಿಮೆಂಟುಗಳಲ್ಲಿ ಆರು ಭಾರತದ ಸೈನ್ಯದಲ್ಲಿ ಉಳಿದವು, ನಾಲ್ಕು ಬ್ರಿಟಿಷ್ ಸೈನ್ಯಕ್ಕೆ ಸೇರಿದವು. ಬ್ರಿಟಿಷರ ಕಡೆಯ ಗೂರ್ಖಾಗಳು ಬಹುಕಾಲ ಹಾಂಗ್ ಕಾಂಗಿನಲ್ಲಿ ನೆಲೆಸಿದ್ದರು. ಗುಡ್ಡ ಹತ್ತುವುದು ಈ ಜನರಿಗೆ ನೆಲದ ಮೇಲೆ ನಡೆದಷ್ಟೇ ಸಹಜ. ನೇಪಾಳದಲ್ಲಿ ಇವರನ್ನು ಸೈನ್ಯಕ್ಕೆ ಆರಿಸುವಾಗ 25 ಕಿಲೋ ಭಾರದ ಬುಟ್ಟಿಯನ್ನು ಬೆನ್ನಿಗೆ ಹೊರಿಸಿ ಬೆಟ್ಟದ ದಾರಿಯಲ್ಲಿ ಓಡಿಸುತ್ತಾರೆ. ಆ ಬುಟ್ಟಿಗೆ ಅವರ ಭಾಷೆಯಲ್ಲಿ ‘ಡೋಕೊ’ ಎಂದು ಹೆಸರು.

1979ರಲ್ಲಿ ಹಾಂಗ್ ಕಾಂಗಿನ ಗುಡ್ಡಗಾಡಿನಲ್ಲಿ 100 ಕಿಲೋಮೀಟರ್ ಉದ್ದದ ಕಾಲುದಾರಿಯೊಂದು ತೆರೆಯಿತು. ಆಗ ಗವರ್ನರಾಗಿದ್ದ ಮ್ಯಾಕ್ಲಿಹೋಸ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಪೂರ್ವದ ಕಡಲ ಕರೆಯಿಂದ ಹೊರಟು, ಆ ಪ್ರದೇಶದ ಅತಿ ಎತ್ತರದ ಶಿಖರವಾದ 957 ಮೀಟರಿನ ತೈ ಮೋ ಶಾನ್ ಪರ್ವತವನ್ನು ಹಾಯ್ದು ಪಶ್ಚಿಮಕ್ಕೆ ಇಳಿಯುವ ದಾರಿ ಅದು. 1981ರಲ್ಲಿ ಗೂರ್ಖಾ ಸಿಗ್ನಲ್ಸ್ ದಳದವರು ಈ ದಾರಿಯನ್ನು ತಮ್ಮ ತರಬೇತಿಗೆ ಆರಿಸಿಕೊಂಡರು. ನಾಲ್ಕು ನಾಲ್ಕು ಜನರ ತಂಡ. 48 ಗಂಟೆಗಳೊಳಗೆ ನೂರು ಕಿಲೋಮೀಟರ್ ಮುಗಿಸಬೇಕು. ಇದೇ ‘ಟ್ರೈಲ್‌ವಾಕರ್’ ಎಂಬ ನಡಿಗೆಯ ಮೂಲ.

1986ರಲ್ಲಿ ಸೈನಿಕರಲ್ಲದವರಿಗೂ ಇದರಲ್ಲಿ ಪ್ರವೇಶ ದೊರಕಿತು. ಹಣ ಕೂಡಿಸುವ ಹೊಣೆಯಲ್ಲಿ ಭಾಗಿಯಾಗಲು ಹಾಂಗ್ ಕಾಂಗಿನ ಆಕ್ಸ್‌ಫ್ಯಾಮ್ ಸಂಸ್ಥೆಯನ್ನು ಕರೆದರು. ಆಕ್ಸ್‌ಫ್ಯಾಮ್ ಹುಟ್ಟಿದ್ದು 1942ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಟ್ಟಣದಲ್ಲಿ, ಯುದ್ಧಕಾಲದ ಗ್ರೀಸ್ ದೇಶದಲ್ಲಿ ಹಸಿವಿನಿಂದ ಸಾಯುತ್ತಿದ್ದವರಿಗೆ ಅನ್ನ ಕಳಿಸಬೇಕೆಂಬ ಉದ್ದೇಶದಿಂದ. 1951ರ ಬಿಹಾರದ ಕ್ಷಾಮದಲ್ಲಿ ಅದು ನಮ್ಮ ದೇಶಕ್ಕೂ ನೆರವು ನೀಡಿತ್ತು. 1997ರಲ್ಲಿ ಹಾಂಗ್ ಕಾಂಗ್ ಚೀನಕ್ಕೆ ಮರಳಿದಾಗ ಗೂರ್ಖಾ ಪಡೆಗಳು ಅಲ್ಲಿಂದ ಇಂಗ್ಲೆಂಡಿಗೆ ಹೋದವು. ಹಾಂಗ್ ಕಾಂಗಿನ ನಡಿಗೆಯನ್ನು ಆಕ್ಸ್‌ಫ್ಯಾಮ್ ವಹಿಸಿಕೊಂಡಿತು. ಗೂರ್ಖಾಗಳ ಜೊತೆಯಲ್ಲಿ ಹೋದ ನಡಿಗೆ ಇಂಗ್ಲೆಂಡಿನ ದಕ್ಷಿಣದ ಸೌತ್ ಡೌನ್ಸ್ ದಿಬ್ಬಗಳ ಮೇಲೆ ಮುಂದುವರಿಯಿತು. 1999ರಲ್ಲಿ ಆಸ್ಟ್ರೇಲಿಯ, 2006ರಲ್ಲಿ ನ್ಯೂಜಿಲೆಂಡ್, ಹೀಗೆ ಅದು ದೇಶದಿಂದ ದೇಶಕ್ಕೆ ಹಬ್ಬಿತು.

ಇಂಗ್ಲೆಂಡಿನ ನಡಿಗೆಯಲ್ಲಿ ಬಂದ ಹಣದ ಒಂದು ಭಾಗ ಗೂರ್ಖಾ ವೆಲ್‌ಫೇರ್ ಟ್ರಸ್ಟಿಗೆ ಸಲ್ಲುತ್ತಿತ್ತು. ಈ ಟ್ರಸ್ಟು 1969ರಲ್ಲಿ ಹುಟ್ಟಿದ್ದಕ್ಕೆ ಒಂದು ನೋವಿನ ಕಾರಣವಿದೆ. 1960ರ ದಶಕದ ಕೊನೆಯಲ್ಲಿ ಬ್ರಿಟನ್ ತನ್ನ ಪಡೆಗಳನ್ನು ಕಡಿಮೆ ಮಾಡಿದಾಗ ಸಾವಿರಾರು ಗೂರ್ಖಾ ಸೈನಿಕರು ಸೇವೆಯಿಂದ ಬಿಡುಗಡೆಯಾದರು. ಪಿಂಚಣಿಗೆ 15 ವರ್ಷಗಳ ಸೇವೆ ಬೇಕಿತ್ತು. ಅಷ್ಟು ತುಂಬದವರು ಬರಿಗೈಯಲ್ಲಿ ನೇಪಾಳದ ಗುಡ್ಡಗಳಿಗೆ ಮರಳಿದರು. ಪಿಂಚಣಿಯ ಬೆಲೆ ಏನೆಂಬುದನ್ನು ತಿಂಗಳ ಮೊದಲ ದಿನ ಬ್ಯಾಂಕಿನ ಕೌಂಟರಿನ ಎದುರು ಸಾಲುಗಟ್ಟುವ ವೃದ್ಧರನ್ನು ನೋಡುವ ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ನಿವೃತ್ತ ಸೈನಿಕರಿಗೂ ಅವರ ವಿಧವೆಯರಿಗೂ ತಿಂಗಳು ತಿಂಗಳು ಒಂದಿಷ್ಟು ಹಣ, ಔಷಧ, ಊರಿಗೆ ಕುಡಿಯುವ ನೀರು ಒದಗಿಸುವುದು ಆ ಟ್ರಸ್ಟಿನ ಕೆಲಸ. ಲಂಡನ್ನಿನ ಕಚೇರಿಯಲ್ಲಿ ಕೂತು ಕೆಲಸ ಮಾಡುವ ನಾಲ್ವರು ಒಂದು ರಾತ್ರಿ ಒಂದು ಹಗಲು ನಡೆದುದರ ಫಲವಾಗಿ ನೇಪಾಳದ ಗುಡ್ಡದ ಮೇಲೊಬ್ಬ ಮುದುಕನಿಗೆ ಊಟ ದೊರೆಯುತ್ತದೆಯೆಂದರೆ, ಕಾಲುಗಳಿಗೆ ಏನು ಕೆಲಸ ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದಂತಾಯಿತು.

ಕಚೇರಿಗಳಿಗೆ ಈ ಪದ್ಧತಿ ಇಷ್ಟು ಹಿಡಿಸಿದ್ದೇಕೆ? ಕಾರಣ ಆ ನಾಲ್ವರ ನಿಯಮದಲ್ಲಿದೆ ಎಂದು ನಮಗೆ ತೋರುತ್ತದೆ. ದಾರಿಯುದ್ದಕ್ಕೂ ಅಲ್ಲಲ್ಲಿ ತಪಾಸಣೆಯ ಠಾಣೆಗಳಿರುತ್ತವೆ. ಪ್ರತಿ ಠಾಣೆಗೂ ನಾಲ್ವರೂ ಒಟ್ಟಿಗೇ ಬಂದು ಸೇರಬೇಕು. ಚುರುಕಾದವನು ಮುಂದೆ ಓಡಿ ಹೋಗಿ ಪ್ರಯೋಜನವಿಲ್ಲ. ನಿಧಾನವಾದವನ ವೇಗವೇ ತಂಡದ ವೇಗ. ಒಬ್ಬನ ಅಂಗಾಲಿನಲ್ಲಿ ಬೊಕ್ಕೆ ಎದ್ದರೆ ನಾಲ್ವರೂ ನಿಲ್ಲಬೇಕು. ಊಟ, ನೀರು, ಒಣ ಕಾಲುಚೀಲ ಹಿಡಿದುಕೊಂಡು ಬರಲು ಪ್ರತಿ ತಂಡಕ್ಕೂ ಸಹಾಯಕರ ಬೇರೊಂದು ಗುಂಪು ಇರುತ್ತದೆ. ಹಗಲೆಲ್ಲ ಮೇಜಿನ ಆಚೆ ಈಚೆ ಕೂತು ಫೈಲು ದಾಟಿಸುವ ಮೇಲಧಿಕಾರಿಯೂ ಗುಮಾಸ್ತೆಯೂ ನಡುರಾತ್ರಿಯಲ್ಲಿ ಒಂದೇ ಬ್ಯಾಟರಿಯ ಬೆಳಕಿನಲ್ಲಿ ಕಲ್ಲುದಾರಿ ಇಳಿಯುವಾಗ ಅಲ್ಲಿ ಹುದ್ದೆಯ ಮಾತು ಬರುವುದಿಲ್ಲ. ಗುಮಾಸ್ತೆಯ ಕಾಲು ಗಟ್ಟಿಯಾಗಿದ್ದರೆ ಅಂದಿನ ಮಟ್ಟಿಗೆ ಅವನೇ ಹಿರಿಯ.

ಓಟದ ಕಡೆಯ ಚರಿತ್ರೆಯೂ ಇದಕ್ಕೆ ಸಮಾನಾಂತರವಾಗಿ ಬೆಳೆಯಿತು. ಗೂರ್ಖಾಗಳು ನಡೆದ ಅದೇ 1981ರಲ್ಲಿ, ಮಾರ್ಚ್ 29ರಂದು, ಕ್ರಿಸ್ ಬ್ರಾಷರ್ ಮತ್ತು ಜಾನ್ ಡಿಸ್ಲಿ ಎಂಬ ಇಬ್ಬರು ಹಳೆಯ ಓಟಗಾರರು ಲಂಡನ್ ಮ್ಯಾರಥಾನನ್ನು ಆರಂಭಿಸಿದರು. ಮೊದಲ ವರ್ಷವೇ ಅಮೆರಿಕದ ಡಿಕ್ ಬಿಯರ್ಡ್ಸ್‌ಲಿ ಮತ್ತು ನಾರ್ವೆಯ ಇಂಗೆ ಸಿಮೊನ್‌ಸೆನ್ ಇಬ್ಬರೂ ಕೈ ಕೈ ಹಿಡಿದುಕೊಂಡು ಒಟ್ಟಿಗೇ ಗುರಿ ಮುಟ್ಟಿ ಮೊದಲ ಸ್ಥಾನವನ್ನು ಹಂಚಿಕೊಂಡರು. ಮುಂದೆ ಆ ಓಟ ಧರ್ಮಸಂಸ್ಥೆಗಳಿಗೆ ಹಣ ಕೂಡಿಸುವ ಜಗತ್ತಿನ ಅತಿ ದೊಡ್ಡ ಏಕದಿನ ಸಂದರ್ಭಗಳಲ್ಲಿ ಒಂದಾಯಿತು.

ನಮ್ಮ ಮುಂಬಯಿಯ ಮ್ಯಾರಥಾನ್ ಆರಂಭವಾದದ್ದು 2004ರ ಫೆಬ್ರವರಿ 15ರಂದು. ಮೊದಲಿನಿಂದಲೂ ಅದಕ್ಕೆ ದಾನದ ಅಂಗವೊಂದು ಜೋಡಿಕೊಂಡಿತ್ತು. ಮೊದಲು ಗಿವ್ ಇಂಡಿಯಾ ಸಂಸ್ಥೆ ಅದನ್ನು ನೋಡಿಕೊಂಡಿತು, 2009ರಿಂದ ಯುನೈಟೆಡ್ ವೇ ಮುಂಬಯಿ ಆ ಹೊಣೆ ಹೊತ್ತಿತು. ಕಂಪನಿಗಳು ತಮ್ಮ ನೌಕರರ ತಂಡಗಳನ್ನು ಹೆಸರು ನೋಂದಾಯಿಸಿ ಕಳಿಸುತ್ತವೆ. ಅವರು ಕೂಡಿಸಿದ ಹಣ ಆರಿಸಿದ ಸೇವಾಸಂಸ್ಥೆಗೆ ಹೋಗುತ್ತದೆ. ಕೆಲವು ಕಂಪನಿಗಳು ನೌಕರ ಒಂದು ರೂಪಾಯಿ ಕೂಡಿಸಿದರೆ ತಮ್ಮದೊಂದು ರೂಪಾಯಿ ಸೇರಿಸುವುದುಂಟು. 2008ರಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರಿನ ಓಟ ಆರಂಭವಾಯಿತು. 2012ರಲ್ಲಿ ಗೂರ್ಖಾಗಳ ನೂರು ಕಿಲೋಮೀಟರಿನ ನಡಿಗೆಯೂ ಕನ್ನಡ ನಾಡಿಗೆ ಕಾಲಿಟ್ಟಿತು. ಭಾರತದ ಮೊದಲ ಟ್ರೈಲ್‌ವಾಕರ್ ನಡೆದದ್ದು ಬೆಂಗಳೂರಿನಲ್ಲೇ. ತಂತ್ರಾಂಶದ ಕಂಪನಿಗಳಲ್ಲಿ ಹಗಲಿರುಳು ಕುರ್ಚಿಗೆ ಅಂಟಿಕೊಂಡಿದ್ದ ತರುಣ ತರುಣಿಯರು ನಾಲ್ಕು ನಾಲ್ಕು ಜನರಾಗಿ ಮಣ್ಣುದಾರಿಗೆ ಇಳಿದರು. 2021 ಮತ್ತು 2022ರಲ್ಲಿ ಕೋವಿಡ್ ಮಾರಿಯಿಂದಾಗಿ ಮುಂಬಯಿಯ ಓಟ ನಡೆಯಲಿಲ್ಲ. 2023ರ ಜನವರಿ 15ರಂದು ಮತ್ತೆ ಆರಂಭವಾಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಬರಿಯ ಹೊಗಳಿಕೆಯಾದೀತು. ಈ ಪದ್ಧತಿಯ ದೋಷಗಳನ್ನೂ ಚರಿತ್ರೆ ದಾಖಲಿಸಿದೆ. ಬ್ರಿಟನ್ನಿನಲ್ಲಿ ಕಚೇರಿ ತಂಡಗಳಿಗೆ ಬಹು ಪ್ರಿಯವಾದ ಸಾಹಸವೊಂದಿದೆ. ಸ್ಕಾಟ್ಲೆಂಡಿನ ಬೆನ್ ನೆವಿಸ್ (1,345 ಮೀಟರ್), ಇಂಗ್ಲೆಂಡಿನ ಸ್ಕಾಫೆಲ್ ಪೈಕ್ (978 ಮೀಟರ್), ವೇಲ್ಸಿನ ಸ್ನೋಡನ್ (1,085 ಮೀಟರ್), ಈ ಮೂರು ಶಿಖರಗಳನ್ನು 24 ಗಂಟೆಗಳಲ್ಲಿ ಹತ್ತಿ ಇಳಿಯುವುದು. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಮೋಟಾರಿನಲ್ಲಿ ಧಾವಿಸಬೇಕಾದುದರಿಂದ ನಡುವಣ ಬೆಟ್ಟಕ್ಕೆ ತಂಡಗಳು ಸಾಮಾನ್ಯವಾಗಿ ಸರಿರಾತ್ರಿಯಲ್ಲೋ ನಸುಕಿನಲ್ಲೋ ಬಂದಿಳಿಯುತ್ತವೆ. ಅಲ್ಲಿನ ವಾಸ್‌ಡೇಲ್ ಕಣಿವೆಯ ಪುಟ್ಟ ಹಳ್ಳಿಯವರಿಗೆ ಮೋಟಾರಿನ ಗದ್ದಲ, ಕಸ, ನಿದ್ದೆಗೇಡು. ದಾರಿ ತಪ್ಪಿದವರನ್ನೂ ಬಿದ್ದವರನ್ನೂ ಹುಡುಕಿ ತರುವವರು ಯಾರು? ಸಂಬಳವಿಲ್ಲದೆ ದುಡಿಯುವ, ತಾವೂ ದಾನದ ಹಣದಿಂದಲೇ ನಡೆಯುವ ಪರ್ವತ ರಕ್ಷಣಾ ದಳಗಳು. ಒಂದು ಧರ್ಮಕ್ಕಾಗಿ ಹತ್ತಲು ಹೋಗಿ ಇನ್ನೊಂದು ಧರ್ಮಕ್ಕೆ ಭಾರವಾದಂತಾಯಿತು. ಜನ ದೂರಿದ ಮೇಲೆ ಇಂಥ ಸಾಹಸಗಳಿಗೆ ಅಲ್ಲಿ ನಿಯಮಾವಳಿಯೊಂದನ್ನು ರೂಪಿಸಬೇಕಾಯಿತು.

ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಒಂದು ಗೆರೆ ಎಳೆದಿದೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ 2 ಪಾಲನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಹಾಗಾದರೆ ನೌಕರರನ್ನು ಮ್ಯಾರಥಾನಿನಲ್ಲಿ ಓಡಿಸಿದ ಖರ್ಚನ್ನು ಈ ಲೆಕ್ಕದಲ್ಲಿ ಬರೆಯಬಹುದೇ? ಬಾರದು ಎಂದು ಸರಕಾರ 2014ರ ಜೂನ್ 18ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು: ಮ್ಯಾರಥಾನು, ಪ್ರಶಸ್ತಿ, ಜಾಹೀರಾತು ಮೊದಲಾದ ಒಮ್ಮೆ ನಡೆದು ಮುಗಿಯುವ ಕಾರ್ಯಕ್ರಮಗಳ ಖರ್ಚು ಆ ಲೆಕ್ಕಕ್ಕೆ ಸೇರುವುದಿಲ್ಲ. ಅಂಗಿ, ಬಾವುಟ, ಬೆಳಗಿನ ಉಪಾಹಾರ ಇವೆಲ್ಲ ಕಂಪನಿಯ ಸ್ವಂತ ಸಂಭ್ರಮ. ಸೇವೆಯ ಖಾತೆಗೆ ಅವು ಜಮೆಯಾಗಲಾರವು.

ಇಲ್ಲಿ ವಿನೋಬಾ ಅವರ ನೆಲದ ಕಥೆಗೆ ಮರಳಬೇಕು. ನಡೆದು ಕೇಳುವುದು ಮೊದಲರ್ಧ. ಬಂದುದನ್ನು ಕೊನೆಯ ಕೈಗೆ ಮುಟ್ಟಿಸುವುದು ಉಳಿದರ್ಧ. ಮೊದಲರ್ಧದಲ್ಲಿ ಉತ್ಸಾಹವಿದೆ, ಭಾವಚಿತ್ರವಿದೆ, ಕೊರಳಿಗೆ ಪದಕವಿದೆ. ಉಳಿದರ್ಧದಲ್ಲಿ ಇರುವುದು ರಸೀತಿ, ಕಿರ್ದಿ, ತಪಾಸಣೆ ಮಾತ್ರ. ಅದನ್ನು ನೋಡಲು ಜನ ಸೇರುವುದಿಲ್ಲ. ಆದ್ದರಿಂದ ಕಚೇರಿಯ ತಂಡವೊಂದು ಹೊರಡುವ ಮುಂಚೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಕ್ಷೇಮ. ಕೂಡಿದ ನೂರು ರೂಪಾಯಿಯಲ್ಲಿ ಏರ್ಪಾಡಿನ ಖರ್ಚು ಕಳೆದು ಎಷ್ಟು ರೂಪಾಯಿ ಕೆಲಸಕ್ಕೆ ಮುಟ್ಟುತ್ತದೆ? ಆರು ತಿಂಗಳ ಅನಂತರ ಆ ಹಣದಿಂದ ಏನಾಯಿತೆಂದು ಕೊಟ್ಟವರಿಗೆ ತಿಳಿಸುವವರು ಯಾರು? ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ: ಕೊಟ್ಟವರೆಲ್ಲ ಮನಸಾರೆ ಕೊಟ್ಟರೇ? ಮೇಲಧಿಕಾರಿ ತಾನೇ ಹಾಳೆ ಹಿಡಿದು ಮೇಜಿನಿಂದ ಮೇಜಿಗೆ ಬಂದಾಗ ಕೈಕೆಳಗಿನವನು ಇಲ್ಲವೆನ್ನುವುದು ಹೇಗೆ? ಹಾಗೆ ಬಂದದ್ದು ದಾನವಲ್ಲ, ಕಂದಾಯ. ಹಾಳೆಯನ್ನು ಒಂದು ಕಡೆ ಇಟ್ಟು, ಇಷ್ಟವಿದ್ದವರು ತಾವಾಗಿ ಬಂದು ಬರೆಯಲಿ, ಮೊತ್ತ ಇನ್ನೊಬ್ಬರಿಗೆ ಕಾಣದಂತಿರಲಿ ಎಂಬ ಕ್ರಮವನ್ನು ಇಟ್ಟುಕೊಂಡರೆ ಈ ಇಕ್ಕಟ್ಟು ನಿವಾರಣೆಯಾಗುತ್ತದೆ.

ಹೊರನಾಡಿನಲ್ಲಿರುವ ನಮಗೆ ಈ ಚರಿತ್ರೆಯಿಂದ ಕಲಿಯಬೇಕಾದುದು ಇದೆ. ಕೂಡಿ ಹಣ ಕೂಡಿಸುವ ವಿದ್ಯೆ ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಪಾಠ ಕಲಿತ ಹುಡುಗರಿಗಾಗಿ ಈ ಊರಿನ ಕನ್ನಡಿಗರು ರಾತ್ರಿ ಶಾಲೆಗಳನ್ನು ನಡೆಸಿದರು. ವರ್ಗಣಿ ಎತ್ತಿ, ಸಹಾಯಾರ್ಥ ನಾಟಕವಾಡಿ, ಯಕ್ಷಗಾನ ಕುಣಿದು ಹಣ ಕೂಡಿಸಿದರು. ರಾತ್ರಿಯಿಡೀ ಗೆಜ್ಜೆ ಕಟ್ಟಿ ಕುಣಿದವನ ಬೆವರೂ ಒಂದು ಜಾಮೀನೇ ಆಗಿತ್ತು. ಅಂದು ಟಿಕೆಟ್ಟು ಕೊಂಡವನು ಆಟಕ್ಕಾಗಿ ಎಷ್ಟು ಕೊಟ್ಟನೋ ಶಾಲೆಗಾಗಿ ಅಷ್ಟೇ ಕೊಟ್ಟನು. ಇಂದು ಈ ನಗರದ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತ ಬಂದಿದೆ. ಊರಿನಿಂದ ಬಂದ ಬಡ ವಿದ್ಯಾರ್ಥಿಗೆ ಫೀಸು, ಪುಸ್ತಕಗಳ ಕೊರತೆ ಅಂದಿನಂತೆಯೇ ಇದೆ. ಬೇರೆ ಬೇರೆ ಕಚೇರಿಗಳಲ್ಲಿ ಚದುರಿಹೋಗಿರುವ ನಮ್ಮವರು ನಾಲ್ಕು ನಾಲ್ಕು ಜನರಾಗಿ ಒಂದು ಭಾನುವಾರ ನಡೆದು ವಿದ್ಯಾರ್ಥಿವೇತನದ ನಿಧಿಯೊಂದನ್ನು ಕೂಡಿಸುವುದು ಅಸಾಧ್ಯವೇನಲ್ಲ. ನೂರು ಕಿಲೋಮೀಟರೇ ಆಗಬೇಕೆಂದಿಲ್ಲ, ಹತ್ತಾದರೂ ಸಾಕು. ಆದರೆ ಲೆಕ್ಕ ಮಾತ್ರ ಪೈಸೆಗೆ ಪೈಸೆ ಪ್ರಕಟವಾಗಬೇಕು.

ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ಇನ್ನೊಂದು ಮಾತು ಅಪ್ರಸ್ತುತವಾಗಲಾರದು. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದು ತಂಡವಾದರು. 1973ರಲ್ಲಿ ಆ ತಂಡಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಆದರೆ ನಡಿಗೆಯಲ್ಲಿ ಕೆಲವರು ಮುಂದಾದರು, ಕೆಲವರು ಹಿಂದೆ ಉಳಿದರು. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ವರದಿ ಒಪ್ಪಿಸಿದಾಗ, ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಕಂಡುಬಂದಿತು. ಮುಂದೆ ಹೋದವನು ಠಾಣೆಯಲ್ಲಿ ನಿಂತು ಹಿಂದಿನವನಿಗಾಗಿ ಕಾಯಬೇಕೆಂಬ ಗೂರ್ಖಾಗಳ ನಿಯಮ ನಾಡಿಗೂ ಸಲ್ಲುತ್ತದೆ.

ಹಾಗಾದರೆ ದಾನ ಮಾಡಲು ಓಡಬೇಕೇ? ಬೇಕಿಲ್ಲ. ಚೆಕ್ಕು ಬರೆಯಬಲ್ಲವರು ಬರೆಯಲಿ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ಚೆಕ್ಕು ಬರೆಯಲಾಗದವನಿಗೂ ಕೊಡುವ ಹಕ್ಕು ಇದೆ. ಅವನ ಬಳಿ ಇರುವುದು ಎರಡು ಕಾಲು, ಒಂದು ಭಾನುವಾರ, ಜೊತೆಗೆ ಮೂವರು ಗೆಳೆಯರು. ಅದನ್ನೇ ಅವನು ಒತ್ತೆಯಿಟ್ಟು, ನೂರು ಜನರ ನಂಬಿಕೆಯನ್ನು ಪಡೆದು, ಆ ನಂಬಿಕೆಯನ್ನು ತಾನು ಕಾಣದ ಒಬ್ಬನ ಮನೆಬಾಗಿಲಿಗೆ ಮುಟ್ಟಿಸುತ್ತಾನೆ. ಮುಟ್ಟಿಸಿದೆನೆಂಬ ರಸೀತಿ ಕೈಸೇರುವವರೆಗೆ ಅವನ ನಡಿಗೆ ಮುಗಿದಿಲ್ಲವೆಂದೇ ನಮ್ಮ ಭಾವನೆ.